ಇಳಿಯದ ದೀಪಗಳು

ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒರೆಸಿದ ದೀಪವನ್ನೇ ಮತ್ತೆ ಒರೆಸುತ್ತಿದ್ದಳು.

ಗಣಿಯ ದೀಪದ ಕೋಣೆಯಲ್ಲಿ ಅವಳ ಕೆಲಸ ಸರಳ. ಕಾರ್ಮಿಕ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹಲಗೆಯ ಮೊಳೆಗೆ ನೇತುಹಾಕಿದರೆ ಹಾಜರಿ. ಅವಳು ಕಿಟಕಿಯಿಂದ ಅದೇ ನಂಬರಿನ ಟೋಪಿದೀಪ ಕೊಟ್ಟರೆ ಅವನು ಕೆಳಗಿಳಿಯುತ್ತಾನೆ. ಯಾರ ದೀಪ ಹೋಯಿತು, ಯಾರದು ಬಂತು ಎಂದು ಪುಸ್ತಕದಲ್ಲಿ ಬರೆಯಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅಷ್ಟು ಬರವಣಿಗೆ ಸಾಕಿತ್ತು. ಮಾತು ಅದಕ್ಕಿಂತ ಕಡಿಮೆ. ಗಣಿಯವರೆಲ್ಲ ಅವಳನ್ನು ಮೌನಗೌರಿ ಎಂದೇ ಕರೆಯುತ್ತಿದ್ದರು.

ಬೀರುವಿನ ಹಿಂದೆ ಅವಳ ಅಕ್ಕನ ಗಂಡ ಊದಿದ ಪಾದವನ್ನು ಬಕೆಟ್ಟಿನ ಮೇಲಿಟ್ಟು ಕೂತಿದ್ದ. ನಾಲ್ಕು ದಿನದ ಹಿಂದೆ ಮೂರನೇ ಸುರಂಗದಲ್ಲಿ ಅದರ ಮೇಲೆ ಚಾವಣಿಯ ಕಲ್ಲು ಬಿದ್ದಿತ್ತು. ಮನೆಯಲ್ಲಿ ಮಲಗಿದರೆ ಅದು ಲೆಕ್ಕದಲ್ಲಿ ಅಪಘಾತವಾಗುತ್ತದೆ. ಗೇಟಿನ ಫಲಕದಲ್ಲಿರುವ 'ಅಪಘಾತವಿಲ್ಲದ ದಿನಗಳು ೨೮೮' ಸೊನ್ನೆಯಾಗುತ್ತದೆ. ಮುನ್ನೂರು ತುಂಬಿದರೆ ಎಲ್ಲರಿಗೂ ಸಿಗಬೇಕಾದ ಒಂದು ವಾರದ ರಜೆ ಮಣ್ಣುಪಾಲು. ಹಾಗಾಗಿ ಪೆಟ್ಟಾದವನನ್ನು ಜೊತೆಯವರೇ ಎತ್ತಿ ತಂದು, ಬಿಲ್ಲೆ ನೇತುಹಾಕಿಸಿ, ಇಲ್ಲಿ ಕೂರಿಸುತ್ತಿದ್ದರು. ಈ ತಿಂಗಳು ಬಾವ ಮೂರನೆಯವನು. ಮೂವರೂ ಅದೇ ಸುರಂಗದವರು. ನಾಳೆಯಿಂದ ಅಲ್ಲಿಗೇ ಇಳಿಯಬೇಕೆಂದು ಮೇಸ್ತ್ರಿ ಬಾವನಿಗೆ ಹೇಳಿಯಾಗಿತ್ತು.

ಗಣಿಗಳಲ್ಲಾಗುವ ಪೆಟ್ಟುಗಳ ಬಗ್ಗೆ ಅಧ್ಯಯನ ಮಾಡಲು ಬಂದಿದ್ದ ಸಂಶೋಧಕಿ ಎರಡು ದಿನ ಔಷಧದ ಕೋಣೆಯ ರಿಜಿಸ್ಟರುಗಳನ್ನು ತಿರುವಿದ್ದಳು. ಇಂದು ಒಂದು ಗಂಟೆಯ ಬಸ್ಸಿಗೆ ಹೊರಡುವವಳಿದ್ದಳು.

"ಅವರು ಏನು ಕೇಳಿದ್ರೂ ಗೊತ್ತಿಲ್ಲ ಅನ್ನು," ಎಂದ ಬಾವ. "ನಿಂಗದು ಕಷ್ಟವಾ? ಹುಟ್ಟಿದಾಗ್ಲೂ ಅಳಲಿಲ್ವಂತೆ ನೀನು."

"ನಾಳೆ ಇನ್ನೊಂದು ಕಲ್ಲು ಬಿದ್ರೆ, ಬಾವ?"

"ಇನ್ನೊಂದು ಕಾಲಿದೆಯಲ್ಲ."

ನಕ್ಕ. ಆದರೆ ಅವನ ಎರಡೂ ಕೈ ಮೊಣಕಾಲನ್ನು ಬಿಗಿಯಾಗಿ ಹಿಡಿದಿದ್ದವು. ಅವಳು ಗಡಿಯಾರ ನೋಡಿದಳು. ಹನ್ನೆರಡೂಮುಕ್ಕಾಲು.

ಸಂಶೋಧಕಿ ಎರವಲು ಪಡೆದಿದ್ದ ದೀಪ ಹಿಂತಿರುಗಿಸಲು ಕಿಟಕಿಗೆ ಬಂದಳು. ಈ ಗಣಿ ಅದೃಷ್ಟದ್ದು, ರಿಜಿಸ್ಟರಿನಲ್ಲಿ ಒಂದು ಪೆಟ್ಟೂ ಇಲ್ಲ ಎಂದು ಹೇಳಿ ಸಹಿಗೆ ಕೈ ಚಾಚಿದಳು. ಕಿಟಕಿಯ ಒಳಗಿನಿಂದ ಅವಳು ಪುಸ್ತಕ ಮುಂದೆ ತಳ್ಳಿದಳು. ತನ್ನದೇ ಅಕ್ಷರ ಕಣ್ಣಿಗೆ ಬಿತ್ತು. ಬಾವನ ನಂಬರಿನ ಮುಂದೆ, ಯಾರೂ ಹೇಳದಿದ್ದರೂ, ಲೆಕ್ಕ ತಪ್ಪಬಾರದೆಂದು ಬರೆದದ್ದು: ಬಿಲ್ಲೆ ಇದೆ, ದೀಪ ಇಳಿದಿಲ್ಲ. ನಿನ್ನೆಯೂ, ಮೊನ್ನೆಯೂ. ಹಿಂದಿನ ವಾರ ಇನ್ನಿಬ್ಬರ ಮುಂದೆಯೂ.

ಬೀರುವಿನ ಹಿಂದೆ ಬಕೆಟ್ಟು ಕಿರುಗುಟ್ಟಿತು. ಅವಳು ಸಹಿಯ ಹಾಳೆಯ ಬದಲು ಹಿಂದಿನ ಹಾಳೆಗಳನ್ನು ತಿರುವಿ ಬೆರಳಿಟ್ಟಳು.

"ದೀಪ ಇಲ್ದೆ ಯಾರೂ ಕೆಳಗಿಳಿಯಲ್ಲ, ಮೇಡಂ."

ಸಂಶೋಧಕಿ ಓದಿದಳು, ಇನ್ನೊಮ್ಮೆ ಓದಿದಳು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅವಳು ತಿರುಗಲಿಲ್ಲ, ಹೆಗಲ ಚೀಲ ಕೆಳಗಿಟ್ಟಳು.

"ಹಾಗಾದ್ರೆ ಇವರೆಲ್ಲ ಎಲ್ಲಿದ್ರು?"

ಇವಳು ದೀಪದ ಕೋಣೆಯ ಬಾಗಿಲು ತೆರೆದು, ಬೀರುವಿನ ಪಕ್ಕಕ್ಕೆ ಸರಿದು ನಿಂತಳು.

ಸಂಶೋಧಕಿ ಮಾಡಿದ ಫೋನಿಗೆ ಸಂಜೆಯೊಳಗೆ ಗಣಿ ತಪಾಸಣೆಯವರು ಬಂದರು. ಮೂರನೇ ಸುರಂಗದಲ್ಲಿ ಚಾವಣಿಗೆ ಆನಿಸಿದ್ದ ಕಂಬಗಳಲ್ಲಿ ನಾಲ್ಕು ಸೀಳಿಹೋಗಿದ್ದವು. ಯಾರೂ ಇಳಿಯದಂತೆ ಸುರಂಗದ ಬಾಯಿಗೆ ಹಗ್ಗ ಕಟ್ಟಿದರು.

ಮರುದಿನ ಅವಳು ಮನೆಯಿಂದ ಕೆಲಸಕ್ಕೆ ಹೊರಟಾಗ ಬಾವ ಗೋಡೆಗೆ ಮುಖ ಮಾಡಿ ಮಲಗಿಯೇ, "ಊರವರ ರಜೆಗೆಲ್ಲ ಕಲ್ಲು ಹಾಕಿದೆಯಲ್ಲೇ," ಅಂದ. ಅಕ್ಕ ತಂಗಿಯ ಬುತ್ತಿಗೆ ಇನ್ನೊಂದು ತುತ್ತು ಹೆಚ್ಚಿಗೆ ಒತ್ತಿದಳು.

ಗೇಟಿನ ಫಲಕದಲ್ಲಿ ಸೊನ್ನೆ. ಕಿಟಕಿಗೆ ಬಂದವರಲ್ಲಿ ಯಾರೂ ಮೌನಗೌರಿ ಎನ್ನಲಿಲ್ಲ, ಮುಖ ಕೂಡ ನೋಡಲಿಲ್ಲ. ದೀಪ ಕಿತ್ತುಕೊಂಡವರಂತೆ ತೆಗೆದುಕೊಂಡು ಹೋದರು. ಬೇರೆ ಸುರಂಗದವರೆಲ್ಲ ಇಳಿದ ಮೇಲೆ ಅವಳು ಪುಸ್ತಕ ತೆರೆದು ಮೂರನೇ ಸುರಂಗದವರ ಇಪ್ಪತ್ಮೂರು ನಂಬರುಗಳ ಮುಂದೆ ಒಂದೊಂದಾಗಿ ಬರೆದಳು: ದೀಪ ಇಳಿದಿಲ್ಲ.