ಎಡಕ್ಕೆ ಎಳೆದ ದಾರಿ

ಪದರಕ್ಕನ ಚಿತ್ರಗಳನ್ನು ತೂಗುಹಾಕಲು ಮೊಳೆ ಸಾಲುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಗೋಡೆಯೇ ಸಾಲುತ್ತಿರಲಿಲ್ಲ, ಅಷ್ಟು ಭಾರ. ಬಣ್ಣದ ಮೇಲೆ ಬಣ್ಣ, ಅದರ ಮೇಲೆ ಮತ್ತೊಂದು. ಬರೀ ಆಕಾಶಕ್ಕೇ ಹದಿನೆಂಟು ಪದರ. ಅವಳು ಬರೆದ ಬೆಟ್ಟ ಹತ್ತಲು ಹೋದ ಇರುವೆ ಸಾಲು ಅರ್ಧದಲ್ಲಿ ಏದುಸಿರು ಬಿಡುತ್ತಾ ಕೂತಿದ್ದನ್ನು ಇಡೀ ಬೀದಿ ನೋಡಿದೆ. ಅವಳ ಮಂಜಿನ ಮುಂದೆ ನಿಂತ ಅಂಚೆಯವನು ನಡುಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡದ್ದು ಸುಳ್ಳು ಎನ್ನುವವರು ಅವನನ್ನೇ ಕೇಳಲಿ, ಇನ್ನೂ ಮೂಗು ಸುರಿಯುತ್ತಿದೆ.

ಇಂಥ ಪದರಕ್ಕ ಹನ್ನೆರಡು ವರ್ಷದಿಂದ ಒಂದು ಬೆಟ್ಟವನ್ನು ಮಾತ್ರ ಬರೆದಿರಲಿಲ್ಲ. ಅದು ಅವಳ ತಮ್ಮ ಹತ್ತಿ ಹೋಗಿ ಮರಳಿ ಬಾರದ ಬೆಟ್ಟ. ಹೊರಡುವ ದಿನ ಅವನು, "ಅಕ್ಕಾ, ದಾರಿ ಬರೆದುಕೊಡೇ" ಎಂದಿದ್ದ. ಬಂಡೆಯ ಹತ್ತಿರ ದಾರಿ ಬಲಕ್ಕೆ ಹೊರಳುತ್ತದೆ. ಆದರೆ ಹಾಳೆಯ ಬಲಗಡೆ ಆಗಲೇ ಒಂದು ಭರ್ಜರಿ ಮರ ಬಂದು ಕೂತಿತ್ತು, ಎಡಗಡೆ ಖಾಲಿ ಹೊಡೆಯುತ್ತಿತ್ತು. ಚಿತ್ರ ಚೆನ್ನಾಗಿ ಕೂರಲಿ ಎಂದು ಅವಳು ದಾರಿಯನ್ನು ಎಡಕ್ಕೆ ಎಳೆದುಬಿಟ್ಟಳು. ಎಡಕ್ಕಿರುವುದು ಪ್ರಪಾತ. ಆ ಹಾಳೆಯನ್ನು ಅಮ್ಮನೂ ನೋಡಿ ಹೊಗಳಿದ್ದಳು. ದಾರಿ ಸುಳ್ಳು ಎಂಬುದು ಮಾತ್ರ ಪದರಕ್ಕನನ್ನು ಬಿಟ್ಟು ಯಾರಿಗೂ ತಿಳಿಯದು.

ಈಗ ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮೊದಲೇ ಬೆಳಕಿಲ್ಲ.

"ನಾಳೆ ಪಟ್ಟಿ ಬಿಚ್ತಾರೆ. ಬಿಚ್ಚಿದ ತಕ್ಷಣ ನಾನು ಆ ಬೆಟ್ಟ ನೋಡ್ಬೇಕು. ಅವನು ನಡೆದ ದಾರಿ ಸಮೇತ ಬರಿ."

"ನನ್ನ ಮುಖ ನೋಡೋದು ಬೇಡ್ವಾ?"

"ನಿನ್ನ ಮುಖ ಎಲ್ಲಿಗೆ ಓಡಿಹೋಗುತ್ತೆ? ಐವತ್ತು ವರ್ಷದಿಂದ ಅದೇ ಗಂಟುಮುಖ."

ಅಂದೇ ಬೆಳಿಗ್ಗೆ ಎಂಟಕ್ಕೆ ಪದರಕ್ಕ ಕ್ಯಾನ್ವಾಸಿಗೆಲ್ಲ ಸುಟ್ಟ ಮಣ್ಣಿನ ಕೆಂಪು ಬಳಿದಳು. ಅವಳ ಯಾವ ಚಿತ್ರವಾದರೂ ಶುರುವಾಗುವುದು ಆ ಬಣ್ಣದಿಂದಲೇ. ಅಕ್ರಿಲಿಕ್ ಬಣ್ಣ ಹತ್ತು ನಿಮಿಷಕ್ಕೆ ಒಣಗುತ್ತದೆ. ಅವಳ ಹೇರ್ ಡ್ರೈಯರ್ ಮುಂದೆ ಎರಡೇ ನಿಮಿಷ. ಅದರ ಮೇಲೆ ಆಕಾಶ, ಆಮೇಲೆ ನೀಲಿಗೆ ಬಿಳಿ ಬೆರೆಸಿದ ದೂರದ ಬೆಟ್ಟ. ದೂರದಿಂದ ಹತ್ತಿರಕ್ಕೆ ಬರುವುದು ಅವಳ ಕ್ರಮ. ದಾರಿಯನ್ನು ಮತ್ತೆ ಎಡಕ್ಕೇ ಎಳೆದಳು. ಬಲಕ್ಕೆ ಎಳೆದರೆ 'ಅವತ್ತು ಹೀಗಿರಲಿಲ್ಲವಲ್ಲೇ?' ಎಂದು ಅಮ್ಮ ಕೇಳುತ್ತಾಳಲ್ಲ!

ಬೆಟ್ಟದ ನೆತ್ತಿಯಲ್ಲಿ ಸಾಸಿವೆಯಷ್ಟು ಕೆಂಪು ಉಳಿದಿತ್ತು. ಬ್ರಷ್ ತಾಗದ ಜಾಗವಿರಬೇಕು ಎಂದು ನೀಲಿ ಮೆತ್ತಿದಳು.

ನಡುವಿನ ಕಾಡಿನ ಪದರ ಒಣಗುವಾಗ ಕೆಂಪು ಮತ್ತೆ ಕಂಡಿತು. ಈಗ ಅದು ನೆತ್ತಿಯಲ್ಲಿರಲಿಲ್ಲ, ಕಾಡಿನ ಅಂಚಿಗೆ ಇಳಿದಿತ್ತು. ಅಕ್ಕಿಕಾಳಿನಷ್ಟು ಉದ್ದ, ಅದಕ್ಕೆ ಎರಡು ಕಾಲು. ಅವಳು ಹಸಿರು ಬಳಿದಳು. ಒಂದಲ್ಲ, ಎಂಟು ಪದರ, ಮಣ್ಣು ಮುಚ್ಚಿದ ಹಾಗೆ.

"ಯಾರೇ ಅದು ಕೆಮ್ಮಿದ್ದು?" ಪಕ್ಕದ ಕೋಣೆಯಿಂದ ಅಮ್ಮ ಕೇಳಿದಳು.

"ಡ್ರೈಯರ್ ಸದ್ದಮ್ಮ."

"ಡ್ರೈಯರಿಗೆ ಶೀತ ಆಗಿದ್ಯಾ?"

ಮಧ್ಯಾಹ್ನ ಮೂರರ ಹೊತ್ತಿಗೆ ಬಂಡೆಯ ಪದರ, ಬಲಗಡೆ ಮತ್ತೆ ಬರೆದ ಅದೇ ಮರ, ಎರಡೂ ಒಣಗಿದವು. ಬಂಡೆಯ ಪಕ್ಕ ಬೆರಳುದ್ದದ ಕೆಂಪು ಮನುಷ್ಯ ನಿಂತಿದ್ದ. ಹೆಗಲಲ್ಲಿ ಚೀಲ, ಕೈಯಲ್ಲಿ ಚೌಕಾಕಾರದ ಬಿಳಿಚುಕ್ಕೆ. ಅವನು ಹಾಳೆ ನೋಡುತ್ತಿದ್ದ. ಅವಳು ನೀರಿನ ಡಬ್ಬಿಗೆ ಬ್ರಷ್ ಅದ್ದಿ ತಿರುಗುವಷ್ಟರಲ್ಲಿ ಎಡಕ್ಕೆ ಎರಡು ಹೆಜ್ಜೆ ಇಟ್ಟಾಗಿತ್ತು. ಪ್ರಪಾತಕ್ಕೆ ಇನ್ನು ನಾಲ್ಕು ಬೆರಳು.

ಪದರಕ್ಕನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಕಪಾಟಿನ ಬಣ್ಣದ ಟ್ಯೂಬುಗಳು ಒಂದೊಂದಾಗಿ ಉದುರಿದವು. ಅವನನ್ನು ಮುಚ್ಚಿಬಿಡಬಹುದಿತ್ತು. ಮುಚ್ಚಿದರೆ ಮುಂದಿನ ಪದರದಲ್ಲಿ ಎಲ್ಲಿ ಎದ್ದಾನೆಂದು ಅವಳಿಗೆ ಗೊತ್ತಿತ್ತು.

"ಅಮ್ಮಾ," ಎಂದಳು, ಕ್ಯಾನ್ವಾಸಿನಿಂದ ಕಣ್ಣು ಕೀಳದೆ. "ಅವತ್ತು ನಾನು ಬರೆದುಕೊಟ್ಟ ದಾರಿ ತಪ್ಪು. ಬಲಕ್ಕಿತ್ತು. ಚಿತ್ರ ಚೆನ್ನಾಗಿ ಕಾಣ್ಲಿ ಅಂತ ಎಡಕ್ಕೆ ಎಳೆದೆ."

ಪಕ್ಕದ ಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ಈಗ ಎಲ್ಲಿದ್ದಾನೆ?" ಅಮ್ಮನ ದನಿ.

"ಬಂಡೆ ದಾಟಿದ್ದಾನೆ."

"ಮತ್ತೆ ನನ್ನ ಹತ್ರ ಏನು ಮಾತು ನಿಂದು? ದಾರಿ ಸರಿಮಾಡು. ಬೈಯೋದು ನಾನು ಆಮೇಲೆ ಬೈತೀನಿ."

ಬ್ರಷ್ ಬಿಸಾಡಿ ಅಂಗೈಯಲ್ಲೇ ಬಣ್ಣ ತೆಗೆದುಕೊಂಡಳು. ಎಡದ ದಾರಿಯ ಮೇಲೆ ಬಂಡೆಗಲ್ಲು ಪೇರಿಸಿದಳು. ಬಲಗಡೆ ಅಷ್ಟು ಮುದ್ದಿನಿಂದ ಬರೆದಿದ್ದ ಮರವನ್ನು ಮಣ್ಣಿನ ಬಣ್ಣದಿಂದ ಸೀಳಿ, ದಾರಿಯನ್ನು ಕ್ಯಾನ್ವಾಸಿನ ಕೆಳಗಿನ ಅಂಚಿನವರೆಗೂ ಎಳೆದು ತಂದಳು. ಚಿತ್ರ ನೋಡಲಾಗದಷ್ಟು ಕೆಟ್ಟಿತು. ಕಣ್ಣು ಮುಚ್ಚಿ ಹತ್ತು ನಿಮಿಷ ಕೂತಳು. ತೆರೆದಾಗ ಬೆಟ್ಟವಿತ್ತು, ಬಂಡೆಯಿತ್ತು, ದಾರಿಯಿತ್ತು. ಮನುಷ್ಯನಿರಲಿಲ್ಲ.

"ಬಾಗಿಲು ತೆಗಿಯೇ," ಎಂದಳು ಅಮ್ಮ. "ಎಷ್ಟು ಹೊತ್ತು ಹೊರಗೇ ನಿಲ್ಲಿಸ್ತೀಯ?"

ತೆಗೆದಳು. ಬೀದಿಯ ಈ ತುದಿಯಿಂದ ಆ ತುದಿಗೆ ಒಂದು ನಾಯಿಯೂ ಇರಲಿಲ್ಲ. ಆದರೆ ಹೊಸ್ತಿಲ ಒಳಗೆ, ಬೆರಳುಗಳು ಮನೆಯತ್ತ, ಸುಟ್ಟ ಮಣ್ಣಿನ ಕೆಂಪಿನಲ್ಲಿ ಒಂದು ಪಾದದ ಗುರುತು.

ಮರುದಿನ ಸಂಜೆ ಅಮ್ಮ ಪಟ್ಟಿ ಬಿಚ್ಚಿಸಿಕೊಂಡು ಬಂದಳು. ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಹೊಸ್ತಿಲ ಬಳಿ ಬಗ್ಗಿ ಗುರುತಿನ ಮೇಲೆ ಬೆರಳಿಟ್ಟಳು. ಹತ್ತು ನಿಮಿಷಕ್ಕೆ ಒಣಗುವ ಬಣ್ಣ, ಇಪ್ಪತ್ತಾರು ಗಂಟೆ ಕಳೆದಿತ್ತು. ಬೆರಳು ಕೆಂಪಾಯಿತು.

ಅಮ್ಮ ಯಾರೂ ಇಲ್ಲದ ಒಳಕೋಣೆಯ ಕಡೆ ತಿರುಗಿ ಬೈಯಲು ಶುರು ಮಾಡಿದಳು: "ಕಾಲು ಒರೆಸ್ಕೊಂಡು ಬರೋಕೆ ಏನೋ ಧಾಡಿ ನಿಂಗೆ?"