ಮರಿ ಗರುಡ

ಧರ್ಮಪಾಲರು ಹೃದಯದ ಬೈಪಾಸ್ ಮಾಡಿಸಿಕೊಂಡು, ಮುಂಬಯಿ ಪಕ್ಕದ ಠಾಣೆ ನಗರದ ಆಸ್ಪತ್ರೆಯಿಂದ ಘಣಸೋಲಿಯ ಮನೆಗೆ ಬಂದು ವಾರವೂ ಕಳೆದಿರಲಿಲ್ಲ. ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಹೊರಚಾಚಿದ ಗ್ಯಾಲರಿಯಲ್ಲಿ ಧೊಪ್ಪನೆ ಏನೋ ಬಿತ್ತು. ನೋಡಿದರೆ ಕಂದು ಬಣ್ಣದ ದೊಡ್ಡ ಹಕ್ಕಿ. ಗಾಳಿಪಟದ ಮಾಂಜಾ, ಗಾಜುಪುಡಿ ಸವರಿದ ದಾರ, ರೆಕ್ಕೆಗೆ ಸುತ್ತಿಕೊಂಡು ರಕ್ತ ಸೋರುತ್ತಿತ್ತು.

"ಅಯ್ಯೋ ದೇವರೇ, ಹದ್ದು!" ಧರ್ಮಪಾಲರ ಹೆಂಡತಿ ಪ್ರಫುಲ್ಲಾ ಎದೆ ಹಿಡಿದುಕೊಂಡರು. "ಹದ್ದು ಮನೆ ಹೊಕ್ಕರೆ ಯಜಮಾನನಿಗೆ ಆಗುದಿಲ್ಲ ಅಂತಾರೆ. ರಮಿತಾ, ಪೊರಕೆ ತಾ, ಹೊರಗೆ ದೂಡಿಬಿಡುವ."

ಸೊಸೆ ರಮಿತಾಳಿಗೆ ಸಿಟ್ಟು ನೆತ್ತಿಗೇರಿತು. ಆರನೇ ಮಾಳಿಗೆಯಿಂದ ದೂಡಿದರೆ ಅದು ಉಳಿದ ಹಾಗೆಯೇ. ಕೆಳಗೆ ಕಾಗೆಗಳು ಕಾದು ಕೂತಿದ್ದವು. ಬೈಯಲೆಂದು ಬಾಯಿ ತೆರೆದವಳ ಕಣ್ಣು ಅತ್ತೆಯ ಮುಖದ ಮೇಲೆ ಬಿತ್ತು. ಗಂಡ ಒಳಗೆ ಕೆಮ್ಮಿದರೂ ಎದ್ದು ಓಡುವ ಹೆಂಗಸು. ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿತ್ತು. ಪಾಪ ಅನ್ನಿಸಿತು.

"ತಡೀರಿ ಅತ್ತೆ, ನೋಡ್ತೇನೆ."

ಭಾನುವಾರ ಬಂದರೆ ಅಡುಗೆಮನೆಗೆ ಚಕ್ಕರ್ ಹೊಡೆದು, ದುರ್ಬೀನು ಹಿಡಿದು ಹಕ್ಕಿ ನೋಡಲು ಖಾಡಿಯ ಹಿನ್ನೀರಿನ ಕಡೆ ಹೊರಡುವ ಸೊಸೆ ಇವಳು. ರಜೆಯ ದಿನ ಕಾಗೆ ಎಣಿಸಲು ಹೋಗ್ತಾಳೆ ಎಂದು ಪ್ರಫುಲ್ಲಾ ಬಂಧುಬಳಗಕ್ಕೆಲ್ಲ ಫೋನಿನಲ್ಲಿ ಸಾರಿದ್ದರು. ಈಗ ಅದೇ ಸೊಸೆಯ ಬಾಯನ್ನೇ ನೋಡುತ್ತ ನಿಂತರು.

ಬಿಳಿ ತಲೆ, ಬಿಳಿ ಎದೆ, ಕೆಂಗಂದು ರೆಕ್ಕೆಯ ಗರುಡ ಎಲ್ಲರಿಗೂ ಗೊತ್ತು, ಕಂಡರೆ ಕೈಮುಗಿಯುತ್ತಾರೆ. ಆದರೆ ಗರುಡನ ಮರಿ ಮೈಯೆಲ್ಲ ಕಂದು, ಥೇಟ್ ಹದ್ದು. ಗುರುತು ಹಿಡಿಯಲು ಬಾಲ ನೋಡಬೇಕು. ಗರುಡನ ಬಾಲದ ತುದಿ ದುಂಡಗೆ, ಹದ್ದಿನದು ನಡುವೆ ತಗ್ಗಿ ಕವಲು. ರಮಿತಾ ಹಕ್ಕಿಯ ತಲೆಗೆ ಬಟ್ಟೆ ಹೊದಿಸಿ ಮೆಲ್ಲಗೆ ಬಾಲ ಬಿಡಿಸಿದಳು. ಅಂಚಿನ ಗರಿಗಳು ಉದ್ದ, ನಡುವಿನವು ಗಿಡ್ಡ. ಹದ್ದೇ, ಸಂಶಯವಿಲ್ಲ.

ಹಕ್ಕಿಯ ವಿಷಯದಲ್ಲಿ ಅವಳು ಈವರೆಗೆ ಸುಳ್ಳು ಹೇಳಿದವಳಲ್ಲ.

"ಮರಿ ಗರುಡ, ಅತ್ತೆ," ಎಂದಳು. "ದೊಡ್ಡದಾದ ಮೇಲೆ ತಲೆ ಬೆಳ್ಳಗಾಗ್ತದೆ. ಒಳ್ಳೇದೇ ಆಗ್ತದೆ, ಹೆದರ್ಬೇಡಿ."

ಪ್ರಫುಲ್ಲಾ ಬಿಡಿಸಿದ ಬಾಲವನ್ನು ಅರೆಗಳಿಗೆ ನೋಡಿದರು. ಆಮೇಲೆ ಕೈಮುಗಿದರು. ಪೊರಕೆ ಮೂಲೆ ಸೇರಿತು. ರಟ್ಟಿನ ಪೆಟ್ಟಿಗೆ ಬಂತು, ಹಾಸಲು ಧರ್ಮಪಾಲರ ಹಳೆಯ ಪಂಚೆ ಬಂತು. ರಮಿತಾ ಫೋನು ಮಾಡಿ ಕರೆಸಿದ ಹಕ್ಕಿ ರಕ್ಷಣೆಯವನು ಪೆಟ್ಟಿಗೆ ಎತ್ತಿದಾಗ, "ಸಾವಕಾಶ್ ಹಾಂ, ಭಾವು," ಎಂದು ಮರಾಠಿಯಲ್ಲಿ ಎಚ್ಚರಿಸುತ್ತ ಲಿಫ್ಟಿನವರೆಗೂ ಹೋದರು.

ಅವರು ಮರಳಿ ಬಂದಾಗ ರಮಿತಾಳಿಗೆ ತಡೆಯಲಾಗಲಿಲ್ಲ. "ಅತ್ತೆ, ಒಂದು ವಿಷಯ ಹೇಳ್ಬೇಕು..."

"ಬೇಡ, ಹೇಳ್ಬೇಡ," ಎಂದರು ಪ್ರಫುಲ್ಲಾ. "ಮಲ್ಪೆಯಲ್ಲಿ ಒಣಗಲು ಹಾಕಿದ ಮೀನಿನಿಂದ ಹದ್ದು ಓಡಿಸ್ತಾ ದೊಡ್ಡವಳಾದವಳು ನಾನು. ಅದರ ಬಾಲ ನಂಗೆ ಗೊತ್ತಿಲ್ವಾ ಮಾರಾಯ್ತಿ?"

ರಮಿತಾ ತಬ್ಬಿಬ್ಬಾದಳು. "ಮತ್ತೆ ಕೈಮುಗಿದ್ರಲ್ಲ?"

"ಇವರನ್ನು ನೋಡ್ಲಿಕ್ಕೆ ಬಂದವರೆಲ್ಲ ಹುಷಾರು, ಹುಷಾರು ಅಂತ ಹೆದರಿಸಿಯೇ ಹೋಗುದು. ಒಳ್ಳೇದಾಗ್ತದೆ ಅಂತ ಬಾಯಿಬಿಟ್ಟು ಹೇಳಿದ್ದು ನೀನೊಬ್ಬಳೇ." ಪ್ರಫುಲ್ಲಾ ಗಂಡ ಮಲಗಿದ್ದ ಕೋಣೆಯ ಕಡೆ ನೋಡಿದರು. "ಅದು ಸುಳ್ಳು ಅಂತ ಹೇಳ್ಲಿಕ್ಕೆ ನಂಗೆ ಮನಸ್ಸಾಗ್ಲಿಲ್ಲ."

ರಮಿತಾ ಅವರ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಒಳಗಿನಿಂದ ಧರ್ಮಪಾಲರು ಕೂಗಿದರು. "ಎಂತ ಅದು, ಗ್ಯಾಲರಿಯಲ್ಲಿ ಬಿದ್ದದ್ದು?"

"ಗರುಡ!" ಎಂದರು ಅತ್ತೆ ಸೊಸೆ ಒಟ್ಟಿಗೇ. ಅತ್ತೆಯ ದನಿಯೇ ಜೋರಾಗಿತ್ತು.