ಒಂಬತ್ತನೇ ತರಗತಿಗೆ ಸಿಟ್ಟಿನ ಪಾಠ

ಬೃಂದಾಗೆ ಸಿಟ್ಟು ಬರುತ್ತಿರಲಿಲ್ಲ. ಆ ಕಾರಣಕ್ಕೆ ಬೀರೂರಿನ ಒಂದು ಶಾಲೆ, ಅಜ್ಜಂಪುರದ ಒಂದು ಶಾಲೆ ವರ್ಷ ತುಂಬುವ ಮೊದಲೇ ಅವಳನ್ನು ಕೆಲಸದಿಂದ ಬಿಡಿಸಿದ್ದವು. ಮಕ್ಕಳು ಹೆದರುವುದಿಲ್ಲ ಎಂಬುದು ದೂರು. ತರೀಕೆರೆಯ ಈ ಖಾಸಗಿ ಹೈಸ್ಕೂಲು ಮೂರನೆಯದು. ಇವತ್ತಿನ ಡೆಮೊ ಪಾಠ ಹಿಡಿಸಿದರೆ ಇಂಗ್ಲಿಷ್ ಟೀಚರ್ ಕೆಲಸ, ಇಲ್ಲದಿದ್ದರೆ ಸಖರಾಯಪಟ್ಟಣದಲ್ಲಿ ಅಕ್ಕನ ಜೆರಾಕ್ಸ್ ಅಂಗಡಿ.

ಶಾಲೆಯ ಕಾರ್ಯದರ್ಶಿ ರೇವಣಪ್ಪ ಚಹಾದ ಕಪ್ಪು ಹಿಡಿದು ಕೊನೆಯ ಬೆಂಚಿನಲ್ಲಿ ಕೂತರು. ಅವಳ ಪಾಲಿಗೆ ಬಂದ ಪಾಠ, ಥಟ್ಟನೆ ಸಿಟ್ಟಿಗೇಳುವುದಕ್ಕೆ ಇಂಗ್ಲಿಷಿನಲ್ಲಿರುವ ನುಡಿಗಟ್ಟುಗಳು. ಬೋರ್ಡಿನ ಮೇಲೆ ಎರಡು ಬರೆದಳು. ‘ಬ್ಲೋ ಎ ಫ್ಯೂಸ್’ ಅಂದರೆ ಫ್ಯೂಸ್ ಸುಟ್ಟುಹೋಗುವುದು. ‘ಫ್ಲೈ ಆಫ್ ದ ಹ್ಯಾಂಡಲ್’ ಅಂದರೆ ಬೀಸುವಾಗ ಕೊಡಲಿ ತನ್ನ ಕಾವಿನಿಂದ, ಅಂದರೆ ಮರದ ಹಿಡಿಯಿಂದ, ಕಳಚಿ ಹಾರುವುದು. ಎರಡೂ ಸಿಟ್ಟಿನ ಮಾತೇ ಎಂದಳು.

ಮಧ್ಯದ ಬೆಂಚಿನ ದುಶ್ಯಂತ್ ಎದ್ದ. “ಮಿಸ್, ಫ್ಯೂಸ್ ಹೋದ್ರೆ ಮೋಟ್ರು ನಿಂತೋಯ್ತದೆ. ನಮ್ಮಪ್ಪ ಸಿಟ್ಟಾದ್ರೆ ನಿಲ್ಲೋದೇ ಇಲ್ಲ.”

“ನಿಮ್ಮಪ್ಪ ಕೊಡಲಿ ಲೆಕ್ಕಕ್ಕೆ ಬತ್ತಾರೆ ಕಣೋ” ಎಂದಳು ಪಕ್ಕದ ಸಾಲಿನ ವಿಭಾ. “ಕಾವು ಸಡಿಲ ಆಗೈತೆ. ತೊಟ್ಟಿ ನೀರಲ್ಲಿ ನೆನೆಹಾಕು, ಉಬ್ಬಿ ಬಿಗಿಯಾಯ್ತದೆ.”

“ಎಷ್ಟೊತ್ತು?”

“ಒಂದಿನ ಪೂರ್ತಿ. ತಲೆ ಕೆಳಗ್ಮಾಡಿ.”

ಇಡೀ ತರಗತಿ ನಕ್ಕಿತು. ಬೃಂದಾ ಬೋರ್ಡಿಗೆ ಒರಗಿ ಅವರಿಗಿಂತ ಹೆಚ್ಚು ನಕ್ಕಳು.

ರೇವಣಪ್ಪ ಎದ್ದರು. “ಏನಮ್ಮಾ ಇದು, ಕ್ಲಾಸೋ ಸಂತೆಯೋ? ಗದರೋಕೆ ಬರಲ್ವಾ ನಿಮಗೆ?” ಎನ್ನುತ್ತ ಮರದ ಸ್ಕೇಲನ್ನು ಬೆಂಚಿಗೆ ಬಡಿದರು. ಸ್ಕೇಲು ಮುರಿದು ಒಂದು ತುಂಡು ಕಿಟಕಿಯವರೆಗೆ ಹಾರಿತು. ಕಪ್ಪು ಉರುಳಿ ಒಡೆಯಿತು. ಬಿಳಿ ಪಂಚೆಯ ಮೇಲೆ ಚಹಾ ಚೆಲ್ಲಿತು, ಅದಕ್ಕೂ ಬೈದರು.

ದುಶ್ಯಂತ್ ಮೆಲ್ಲಗೆ ಕೇಳಿದ. “ಮಿಸ್, ಇದು ಎರಡ್ರಲ್ಲಿ ಯಾವ್ದು?”

ಕೆಲಸ ಹೋದಂತೆಯೇ ಎಂದು ಬೃಂದಾಗೆ ಗೊತ್ತಾಯಿತು. ಆದರೆ ಪ್ರಶ್ನೆ ಸರಿಯಾಗಿತ್ತು, ಸರಿಯಾದ ಪ್ರಶ್ನೆಗೆ ಉತ್ತರ ಕೊಡದಿರಲು ಅವಳಿಂದ ಆಗಲಿಲ್ಲ.

“ಎರಡನೇದು. ತುಂಡು ಹಾರಿದ್ದು ನೋಡಿದ್ರಲ್ಲ. ಬರ್ಕೊಳ್ಳಿ.”

ನಲವತ್ತೊಂದು ಮಕ್ಕಳೂ ಬರೆದುಕೊಂಡರು. ರೇವಣಪ್ಪ ಹತ್ತಿರದ ಹುಡುಗಿಯ ನೋಟ್‌ಬುಕ್ಕಿನೊಳಕ್ಕೆ ಬಗ್ಗಿ ನೋಡಿದರು. ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ. ಉದಾಹರಣೆ ಎಂಬಲ್ಲಿ ಅವರ ಹೆಸರಿತ್ತು. ಪಂಚೆ ಒರೆಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದರೂ ನಗುವಿಗೆ ಭುಜ ಕುಲುಕಿದ್ದು ಎಲ್ಲರಿಗೂ ಕಂಡಿತು.

“ಒಂದನೇ ತಾರೀಕಿಂದ ಬನ್ನಿ” ಎಂದರು. “ಪಾಠ ನಿಮ್ದು. ಗದರೋದು ನಾನು ನೋಡ್ಕೊತೀನಿ.”

ಹೋದದ್ದು ಒಂದು ಸ್ಕೇಲು, ಒಂದು ಕಪ್ಪು, ಪಾಠದಲ್ಲಿ ಏಳು ನಿಮಿಷ.